ಕ್ರಯಪತ್ರ ರದ್ದತಿ

ನೋಂದಣಿಯಾದ ಕ್ರಯಪತ್ರವನ್ನು ಕಾನೂನು ಪ್ರಕಾರ ನಿರರ್ಥಕಗೊಳಿಸುವ ಕ್ರಮ. ಮೋಸ, ಬಲವಂತ ಅಥವಾ ಅನುಚಿತ ಪ್ರಭಾವದಿಂದ ಬರೆಸಿಕೊಂಡ ಪತ್ರದ ವಿರುದ್ಧ 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 31ನೇ ಪ್ರಕರಣದಡಿ ಸಿವಿಲ್ ದಾವೆ ಹೂಡಬಹುದು. ವಿಷಯ ತಿಳಿದ ಮೇಲೆ 3 ವರ್ಷ ಗಡುವು. ಡಿಕ್ರಿಯ ಪ್ರತಿ ನೋಂದಣಾಧಿಕಾರಿಗೆ ಹೋಗಿ, ದಫ್ತರಿನ ನಕಲಿನ ಮೇಲೆ ರದ್ದಾದ ಷರಾ ಬೀಳುತ್ತದೆ. ಮಾರಿದವನೊಬ್ಬನೇ ಹೋಗಿ ‘ರದ್ದುಪತ್ರ’ ಬರೆದುಕೊಟ್ಟರೆ ಕೊಂಡವನ ಹಕ್ಕು ಅಳಿಯದು. ಹಳ್ಳಿಗಳಲ್ಲಿ ಈ ಬಗ್ಗೆ ತಪ್ಪು ತಿಳಿವಳಿಕೆ ಸಾಕಷ್ಟಿದೆ.

ಕರ್ನಾಟಕದಲ್ಲಿ ಹೆಚ್ಚು ತಕರಾರೆದ್ದಿರುವುದು ಇನ್ನೊಂದು ದಾರಿಯಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮೀರಿ ಪರಭಾರೆ ಮಾಡಿದ್ದರೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಆ ಕ್ರಯವೇ ಅಸಿಂಧು. ಕಾಯ್ದೆ ಬಂದ ನಂತರದ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಕಡ್ಡಾಯ. ಇಲ್ಲಿ ಸಿವಿಲ್ ಕೋರ್ಟಿಗೆ ಅಲೆಯಬೇಕಿಲ್ಲ. ಉಪವಿಭಾಗಾಧಿಕಾರಿ ವಿಚಾರಣೆ ನಡೆಸಿ ಭೂಮಿಯನ್ನು ಮೂಲ ಮಂಜೂರಾತಿದಾರನಿಗೋ ವಾರಸುದಾರರಿಗೋ ಮರಳಿಸುತ್ತಾರೆ. ಮೇಲ್ಮನವಿ ಜಿಲ್ಲಾಧಿಕಾರಿಗೆ. ಉದಾಹರಣೆಗೆ, ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳ ಇಂಥ ಅರ್ಜಿಗಳು ಮಂಡ್ಯದ ಉಪವಿಭಾಗಾಧಿಕಾರಿ ಕಚೇರಿಗೆ ಬರುತ್ತವೆ.

ಕಾಯ್ದೆಯ ಸಿಂಧುತ್ವವನ್ನು ಸುಪ್ರೀಂ ಕೋರ್ಟು 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಎತ್ತಿಹಿಡಿಯಿತು. 2017ರ ನೆಕ್ಕಂಟಿ ರಾಮಲಕ್ಷ್ಮಿ ತೀರ್ಪು ಮಾತ್ರ ದಶಕಗಳ ವಿಳಂಬದ ಅರ್ಜಿಯನ್ನು ಒಪ್ಪಲಿಲ್ಲ. ಬಡವರ ಪಾಲಿಗೆ ಇದು ದೊಡ್ಡ ಹೊಡೆತ. ಅರ್ಜಿಗೆ ಕಾಲಮಿತಿ ಅನ್ವಯಿಸದೆಂದು 2023ರಲ್ಲಿ ವಿಧಾನಮಂಡಲ ತಿದ್ದುಪಡಿ ತಂದಿತು.

ಜಮೀನು ಕೊಳ್ಳುವವರು ಪಹಣಿ, ಋಣಭಾರ ಪತ್ರಗಳಿಗೇ ನಿಲ್ಲದೆ ಮೂಲ ಸಾಗುವಳಿ ಚೀಟಿಯ (ಮಂಜೂರಾತಿ ಪತ್ರದ) ಷರತ್ತುಗಳನ್ನೂ ಓದಬೇಕು.