ಮುನಿಯ ಮಾನ, ಹೊಲತಿಯರ ಬೆನ್ನು

ಹರಿಶ್ಚಂದ್ರನ ಕತೆ ಗೊತ್ತಿಲ್ಲದ ಊರು ನಮ್ಮ ಸೀಮೆಯಲ್ಲಿಲ್ಲ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಎತ್ತ ಹೋದರೂ ಕನ್ನಡ, ತೆಲುಗು ಒಂದೇ ಬೀದಿಯಲ್ಲಿ ಓಡಾಡುತ್ತವೆ. ಸತ್ಯಕ್ಕಾಗಿ ಹೆಂಡತಿ ಮಗನನ್ನು ಮಾರಿದ ದೊರೆಗಾಗಿ ಜನ ಎರಡು ಭಾಷೆಯಲ್ಲೂ ಅತ್ತಿದ್ದಾರೆ. ಆದರೆ ಈ ಕತೆಯಲ್ಲಿ ಮೋಸ ಯಾರದು, ಅದರ ಪೆಟ್ಟು ಬಿದ್ದದ್ದು ಯಾರಿಗೆ ಅಂತ ಕೇಳಿದವರು ಕಡಿಮೆ.

ಮೋಸ ವಿಶ್ವಾಮಿತ್ರನದು. 13ನೇ ಶತಮಾನದಲ್ಲಿ ಹಂಪೆಯ ರಾಘವಾಂಕ ಬರೆದ ‘ಹರಿಶ್ಚಂದ್ರ ಕಾವ್ಯ’ ನೋಡಿ. ಇಂದ್ರನ ಸಭೆಯಲ್ಲಿ ವಸಿಷ್ಠ, ಹರಿಶ್ಚಂದ್ರ ಸುಳ್ಳಾಡುವವನಲ್ಲ ಅಂತಾನೆ. ವಸಿಷ್ಠ ಹೌದು ಅಂದ ಮೇಲೆ ವಿಶ್ವಾಮಿತ್ರ ಅಲ್ಲ ಅನ್ನಲೇಬೇಕು. ಪಂತ ಬಿತ್ತು. ತುಂಬಿದ ಸಭೆಯಲ್ಲಿ ಆಡಿದ ಮಾತು, ಸೋತರೆ ಮಾನ ಹೋಯ್ತು. ಅಲ್ಲಿಂದ ಮುನಿ ಹೂಡಿದ್ದೆಲ್ಲ ಹೂಟವೇ. ಯಾಗದಲ್ಲಿ ಹೊನ್ನು ಬೇಡಿ, ಒಯ್ಯದೆ ರಾಜನ ಹತ್ತಿರವೇ ಇಟ್ಟ. ಮುಂದೆ ಅದೇ ಸಾಲವಾಗಿ ಕೊರಳಿಗೆ ಬಿತ್ತು. ಮಾಯದ ಹಂದಿ ಬಿಟ್ಟು ದೊರೆಯನ್ನು ಕಾಡಿನಲ್ಲಿ ಅಲೆಸಿದ. ಆಮೇಲೆ ಇಬ್ಬರು ಹೊಲತಿ ಹೆಣ್ಣುಮಕ್ಕಳನ್ನು ಸೃಷ್ಟಿಸಿ ಕಳಿಸಿದ.

ಅವರು ಹಾಡಿದರು, ದೊರೆ ಮೆಚ್ಚಿದ. ಸತ್ತಿಗೆ ಕೇಳಿದರು, ಕೊಡಲಿಲ್ಲ. ಮದುವೆಯಾಗು ಅಂದರು, ಕುಲ ಎತ್ತಿ ಬೈದ. ಹಾಡು ಕೇಳಿದ ಕಿವಿಗೆ, ರೂಪು ನೋಡಿದ ಕಣ್ಣಿಗೆ ತಟ್ಟದ ಮೈಲಿಗೆ ಮುಟ್ಟಿದರೆ ಮಾತ್ರ ಹೇಗೆ ಬರುತ್ತದೆ ಅಂತ ಅವರು ಕೇಳಿದರು. ಕೊನೆಗೆ ದೊರೆ ಕೊಟ್ಟ ಉತ್ತರ ಏಟು.

ಇಲ್ಲಿ ನಿಂತು ಲೆಕ್ಕ ಹಾಕೋಣ. ಮುನಿಗೆ ಪಂತದ ಮಾನ. ದೊರೆಗೆ ಕುಲದ ಮಾನ. ಎರಡಕ್ಕೂ ಬೆನ್ನು ಕೊಟ್ಟವರು ಆ ಇಬ್ಬರು. ಅವರನ್ನು ಮದುವೆಯಾಗು ಅಂತ ಮುನಿಯೇ ಬಂದು ಹಟ ಹಿಡಿದಾಗ ದೊರೆ ರಾಜ್ಯವನ್ನೇ ಬಿಟ್ಟ. ರಾಜ್ಯ ಕೊಟ್ಟಾನು, ಕೈ ಹಿಡಿಯಲಾರ! ಕತೆ ದೊರೆಯ ಹಿಂದೆ ಕಾಶಿಗೆ ಹೋಗುತ್ತದೆ, ಆ ಹೆಣ್ಣುಮಕ್ಕಳ ಹಿಂದೆ ಹೋಗುವುದಿಲ್ಲ. ಮುನಿಯ ಮೋಸಕ್ಕೆ ಕಡೆಗೆ ‘ಪರೀಕ್ಷೆ’ ಅಂತ ಮರ್ಯಾದೆಯ ಹೆಸರೂ ಸಿಕ್ಕಿತು.

ಇನ್ನೂ ಹಿಂದಕ್ಕೆ ಹೋದರೆ ವೇಷಗಳೇ ಅದಲು ಬದಲು. ಐತರೇಯ ಬ್ರಾಹ್ಮಣದ ಹರಿಶ್ಚಂದ್ರ ಹುಟ್ಟುವ ಮಗನನ್ನೇ ಬಲಿ ಕೊಡ್ತೀನಿ ಅಂತ ವರುಣನಿಗೆ ಮಾತು ಕೊಡುತ್ತಾನೆ. ಮಗ ಹುಟ್ಟಿದ ಮೇಲೆ ಹಲ್ಲು ಬರಲಿ, ಹಲ್ಲು ಬೀಳಲಿ, ಮತ್ತೆ ಹುಟ್ಟಲಿ ಅಂತ ದಿನ ತಳ್ಳುತ್ತಾನೆ. ಕೊನೆಗೆ ಹಸಿದ ಅಜೀಗರ್ತನ ಮಗ ಶುನಃಶೇಪನನ್ನು 100 ಹಸುಗಳಿಗೆ ಕೊಂಡು ಬಲಿಗಂಬಕ್ಕೆ ಕಟ್ಟುತ್ತಾರೆ. ಬದುಕಿ ಉಳಿದ ಆ ಹುಡುಗನನ್ನು ಮಗನೆಂದು ಕರೆದುಕೊಂಡವನು ವಿಶ್ವಾಮಿತ್ರ! ಸತ್ಯವಂತ, ಕಪಟಿ ಎಂಬ ಹೆಸರುಗಳು ಹುಟ್ಟಿನಿಂದ ಬಂದವಲ್ಲ, ಕಾಲ ಕಾಲಕ್ಕೆ ಕಟ್ಟಿದವು. ಎರಡು ಕತೆಯಲ್ಲೂ ಬದಲಾಗದ್ದು ಒಂದೇ: ದೊಡ್ಡವರ ಮಾತಿಗೆ ಇಲ್ಲದವರ ಮೈ ಒತ್ತೆ.

ಆ ಕಟ್ಟಿದ ಹೆಸರು 1913ರಲ್ಲಿ ಫಾಲ್ಕೆಯವರ ಮೂಕಿ ಚಿತ್ರವಾಯಿತು, 1965ರಲ್ಲಿ ರಾಜ್‌ಕುಮಾರ್ ಅವರ ಚಿತ್ರವಾಯಿತು. ತೆಲುಗು ನಾಟಕದಲ್ಲಿ ಸುಡುಗಾಡಿನ ದೃಶ್ಯಕ್ಕೆ ಹಾಡುವ ಪದ್ಯಗಳಲ್ಲಿ ದಲಿತ ಕವಿ ಗುರ್ರಂ ಜಾಷುವಾ (1895–1971) ಬರೆದವೂ ಇವೆ. ಸುಡುಗಾಡು ಏನೆಂದು ಹೇಳಲು ಕೊನೆಗೆ ನಮ್ಮವನ ದನಿಯೇ ಬೇಕಾಯಿತು.

ವೀರಬಾಹುವಿನ ಆಳಾಗಿ ಸುಡುಗಾಡು ಕಾದ ದೊರೆಗೆ ಕೊನೆಯಲ್ಲಿ ಶಿವ ಬಂದ, ಸಿಂಹಾಸನ ಬಂತು. ದೊರೆಗೆ ಸುಡುಗಾಡು ಒಂದು ಅಂಕ. ತಲೆಮಾರಿನಿಂದ ಗುಂಡಿ ತೋಡುವ ನಮ್ಮವರಿಗೆ ಯಾವ ಶಿವನೂ ಬಂದಿಲ್ಲ.

ನಾಟಕದ ಮೇಷ್ಟ್ರುಗಳೇ, ರಾತ್ರಿ ಚಿಕ್ಕದಾಯ್ತು ಅಂತ ಏನನ್ನಾದರೂ ಕತ್ತರಿಸಿ. ಆ ಇಬ್ಬರು ಕೇಳಿದ ಪ್ರಶ್ನೆ ಮಾತ್ರ ಕತ್ತರಿಸಬೇಡಿ.