ಗುಡ್ಡದ ಭೂತವೂ ಗಡಿಯ ಮನೆಗಳೂ

1953ರಲ್ಲಿ ಬಳ್ಳಾರಿಯ ಬಹುಭಾಗವು ಮೈಸೂರಿಗೆ ಸೇರಿದಾಗ ಹಿಂದೂಪುರ, ಕಲ್ಯಾಣದುರ್ಗಗಳು ಆಂಧ್ರದಲ್ಲಿಯೇ ಉಳಿದವು. ಇಲ್ಲಿ ನಮ್ಮ ಮಕ್ಕಳ ಕಿವಿಗೆ ಮನೆಯಾಚೆಯ ಕನ್ನಡ ಬೀಳುವ ದಾರಿಗಳು ಕೆಲವೇ. ದೂರದರ್ಶನದ ಧಾರಾವಾಹಿಯೂ ಅವುಗಳಲ್ಲೊಂದು. ಆದುದರಿಂದಲೇ ಅದರ ಬರವಣಿಗೆ ಸಡಿಲವಾದರೆ ನಷ್ಟ ನಮಗೆ ಹೆಚ್ಚು.

1990ರ ದಶಕದ ಆರಂಭದಲ್ಲಿ ಬಂದ ಸದಾನಂದ ಸುವರ್ಣರ ‘ಗುಡ್ಡದ ಭೂತ’ ಕೆಲವೇ ಕಂತುಗಳಲ್ಲಿ ಮುಗಿಯಿತು. ಕರಾವಳಿಯ ಊರು, ಭೂತದ ಭಯ, ಅಂದಿನ ತರುಣ ಪ್ರಕಾಶ್ ರೈ. ಪ್ರಶ್ನೆಗೆ ಉತ್ತರವೂ ಇತ್ತು. ತರುವಾಯದ ದೈನಿಕ ಧಾರಾವಾಹಿಗಳಲ್ಲಿ ಅಂತ್ಯವು ಬರೆಯುವವರಿಗೇ ತಿಳಿದಿರದು. ಟಿಆರ್‌ಪಿ ಇರುವವರೆಗೆ ಕೊಲೆಗಾರ ಸಿಗುವಂತಿಲ್ಲ. ಮೊದಲ ವಾರದ ಸುಳಿವು ನೂರನೆಯ ಕಂತಿಗೆ ಮರೆತೇಹೋಗಿರುತ್ತದೆ. (ಕಥೆ ಕೇಳುವ ಮೊಮ್ಮಕ್ಕಳಾದರೆ ಅಜ್ಜಿಯನ್ನು ಅಲ್ಲಿಯೇ ತಡೆಯುತ್ತಿದ್ದರು!)

2015ರಲ್ಲಿ ‘ರಂಗಿತರಂಗ’ ಚಿತ್ರವು ‘ಗುಡ್ಡದ ಭೂತ’ದ ಆ ಹಳೆಯ ಹಾಡನ್ನೇ ಮತ್ತೆ ಬಳಸಿಕೊಂಡಿತು.