ದಾಂಡೇಲಿ ಸೀಮೆಯ ಸಾರ್ವಜನಿಕ ಸಾರಿಗೆ: ಬಡವರ ಮತ್ತು ಸೂರಿಲ್ಲದವರ ತೊಡಕುಗಳು

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡ ತಾಲೂಕುಗಳಲ್ಲಿ ಬಡ ಕುಟುಂಬಗಳು, ವಲಸೆ ಕೂಲಿಕಾರರು ಹಾಗೂ ಸ್ವಂತ ಸೂರಿಲ್ಲದವರು ಬಸ್ಸು, ರೈಲು ಬಳಸುವಲ್ಲಿ ಎದುರಿಸುವ ಅಡಚಣೆಗಳು ಈ ಲೇಖನದ ವಿಷಯ. ಸಿದ್ದಿ, ಕುಣಬಿ ಮತ್ತು ಗೌಳಿ ಸಮುದಾಯಗಳ ಕಾಡಂಚಿನ ಕೇರಿಗಳೂ ಕಾರ್ಖಾನೆ ಪಟ್ಟಣದ ಕೂಲಿ ವಸತಿಗಳೂ ಇದರ ವ್ಯಾಪ್ತಿಗೆ ಸೇರುತ್ತವೆ. ಈ ಸೀಮೆಯಲ್ಲಿ ಟಿಕೆಟ್ ದರಕ್ಕಿಂತ ಬಸ್ಸಿನ ಅಭಾವ, ಅದರ ವೇಳೆ ಮತ್ತು ಗುರುತಿನ ದಾಖಲೆ ಹೆಚ್ಚು ಕಾಡುತ್ತವೆ ಎನ್ನಬಹುದು.

ಹಿನ್ನೆಲೆ

ದಾಂಡೇಲಿಯ ರೈಲು ಹುಟ್ಟಿದ್ದು ಕಟ್ಟಿಗೆ ಸಾಗಿಸಲಿಕ್ಕೆ. ಬ್ರಿಟಿಷ್ ಕಾಲದಲ್ಲಿ ಅಳ್ನಾವರದಿಂದ ಹಾಕಿದ ಈ ಕವಲು ಮಾರ್ಗದಲ್ಲಿ ಕಾಡಿನ ತೇಗ ಪೂರ್ವದ ಬಯಲುಸೀಮೆಗೆ ಹೋಗುತ್ತಿತ್ತು. ಬಹುಕಾಲ ನಿಂತಿದ್ದ ಪ್ರಯಾಣಿಕರ ಸೇವೆ 2019ರ ನವೆಂಬರಿನಲ್ಲಿ ಧಾರವಾಡ ಮತ್ತು ದಾಂಡೇಲಿ ಪಕ್ಕದ ಅಂಬೇವಾಡಿ ನಡುವೆ ಮತ್ತೆ ಶುರುವಾಯಿತು. ಮರುವರ್ಷದ ಮಾರ್ಚಿನಲ್ಲಿ ಕೊರೊನಾ ದಿಗ್ಬಂಧನ ಬಂದು ದೇಶದ ಪ್ಯಾಸೆಂಜರ್ ರೈಲುಗಳೆಲ್ಲ ನಿಂತಾಗ ಇದೂ ನಿಂತಿತು.

ಬಸ್ಸಿನ ಕಥೆಯೂ ಪೂರ್ವಾಭಿಮುಖವೇ. 1956ರ ನವೆಂಬರ್ 1ರವರೆಗೆ ಈ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ಏಕೀಕರಣದ ಬಳಿಕ ಮೈಸೂರು ರಾಜ್ಯದ ಸಾರಿಗೆ ಇಲಾಖೆ, 1961ರಿಂದ ರಸ್ತೆ ಸಾರಿಗೆ ನಿಗಮ, 1997ರ ನವೆಂಬರಿನಿಂದ ಹುಬ್ಬಳ್ಳಿ ಕೇಂದ್ರವಾದ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆ ಹೀಗೆ ಆಡಳಿತ ಬದಲಾಗುತ್ತ ಬಂತು. ಉತ್ತರ ಕನ್ನಡ ವಿಭಾಗದ ಕಚೇರಿ ಶಿರಸಿಯಲ್ಲಿದ್ದರೂ ದಾಂಡೇಲಿ ಮತ್ತು ಹಳಿಯಾಳ ಬಸ್ ಘಟಕಗಳು ಧಾರವಾಡ ವಿಭಾಗಕ್ಕೆ ಸೇರಿವೆ. ವ್ಯಾಪಾರ, ಕಾಲೇಜು, ದೊಡ್ಡಾಸ್ಪತ್ರೆ ಎಲ್ಲವೂ ಹುಬ್ಬಳ್ಳಿ-ಧಾರವಾಡದಲ್ಲಿರುವಾಗ ಇದು ಸಹಜ ವ್ಯವಸ್ಥೆ. ಆದರೆ ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ನ್ಯಾಯಾಲಯ, ಜಿಲ್ಲಾ ಆಸ್ಪತ್ರೆಗಳು ಇರುವುದು ಪಶ್ಚಿಮದ ಕಾರವಾರದಲ್ಲಿ, ಅಣಶಿ ಘಟ್ಟದಾಚೆ. ಒಂದು ಸಹಿಗಾಗಿ ಕಾರವಾರಕ್ಕೆ ಹೋಗುವ ಜೋಯಿಡಾದ ಕೂಲಿಕಾರನಿಗೆ ಬಸ್ ಖರ್ಚಿನ ಜೊತೆ ಆ ದಿನದ ಪಗಾರವೂ ಹೋಗುತ್ತದೆ. ಮಳೆಗಾಲದಲ್ಲಿ ಘಟ್ಟದಲ್ಲಿ ಗುಡ್ಡ ಕುಸಿದರೆ ಆ ದಾರಿಯೂ ಬಂದ್.

ಜೋಯಿಡಾ ತಾಲೂಕಿಗೆ ಇನ್ನೊಂದು ಪೆಟ್ಟು ಬಿದ್ದದ್ದು ಸೂಪಾ ಅಣೆಕಟ್ಟಿನಿಂದ. ಕಾಳಿ ಮತ್ತು ಪಾಂಡರಿ ನದಿಗಳು ಕೂಡುವಲ್ಲಿದ್ದ ಸೂಪಾ ಪೇಟೆ ತಾಲೂಕಿನ ಕೇಂದ್ರವಾಗಿತ್ತು. ಸುತ್ತಲಿನ ಕಾಲುದಾರಿ, ಗಾಡಿದಾರಿಗಳು ಅಲ್ಲಿಗೇ ಬಂದು ಸೇರುತ್ತಿದ್ದವು. 101 ಮೀಟರ್ ಎತ್ತರದ ಅಣೆಕಟ್ಟಿನ ಹಿನ್ನೀರು ಪೇಟೆಯನ್ನೂ ಆ ದಾರಿಗಳನ್ನೂ ಮುಳುಗಿಸಿತು. ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು, ಸಂತ್ರಸ್ತರು ಬೆಳಗಾವಿ–ಗೋವಾ ರಸ್ತೆಯ ರಾಮನಗರಕ್ಕೆ ಹೋದರು. ಕಣ್ಣಿಗೆ ಕಾಣುವ ಎದುರು ದಂಡೆಗೆ ಹಿನ್ನೀರು ಬಳಸಿಕೊಂಡು ಹೋಗಬೇಕಾದ ಹಳ್ಳಿಗಳಿಗೆ ಹೊಸ ಬಸ್ ಮಾರ್ಗ ರೂಪಿಸುವುದು ಪುನರ್ವಸತಿಯ ಮುಖ್ಯ ಭಾಗವಾಗಬೇಕಿತ್ತು.

ವಸ್ತಿ ಬಸ್

ಸಂಜೆ ಹಳ್ಳಿಗೆ ಬಂದು, ರಾತ್ರಿ ಅಲ್ಲೇ ತಂಗಿ, ನಸುಕಿನಲ್ಲಿ ಪೇಟೆಗೆ ಹೊರಡುವ ಗಾಡಿಯೇ ವಸ್ತಿ ಬಸ್. ಕೂಲಿಯವರಿಗೆ ಇದಕ್ಕಿಂತ ಉಪಯುಕ್ತ ಸೇವೆ ಇನ್ನೊಂದಿಲ್ಲ. ಬೆಳಿಗ್ಗೆ ಘಟಕದಿಂದ ಹೊರಟ ಬಸ್ಸು ಹಳ್ಳಿ ಮುಟ್ಟಿ ತಿರುಗುವಷ್ಟರಲ್ಲಿ ಮೇಸ್ತ್ರಿ ಆಳುಗಳನ್ನು ಕರೆದುಕೊಂಡು ಹೋಗಿಯಾಗಿರುತ್ತದೆ. ಆಸ್ಪತ್ರೆಯ ಹೊರರೋಗಿ ಚೀಟಿಗೂ ಅದೇ ಗತಿ. ಆದರೆ ಸಾರಿಗೆ ಸಂಸ್ಥೆಯ ಲೆಕ್ಕದಲ್ಲಿ ವಸ್ತಿ ದುಬಾರಿ. ಚಾಲಕ, ನಿರ್ವಾಹಕರಿಗೆ ಮಲಗಲು ಜಾಗ, ನೀರು, ಶೌಚಾಲಯ ಬೇಕು. ಗಾಡಿ ಕೆಟ್ಟರೆ ಮೆಕ್ಯಾನಿಕ್ ಘಟಕದಿಂದಲೇ ಬರಬೇಕು. ಮಾರ್ಗವನ್ನು ಅಳೆಯುವುದು ಕಿಲೋಮೀಟರಿಗೆ ಬರುವ ಆದಾಯದಿಂದ. ಕಾಡಿನ ನಡುವೆ ಬಹುದೂರ ಹತ್ತುವವರೇ ಇಲ್ಲದಾಗ ಆ ಅಂಕಿ ಮೇಲೇಳುವುದಿಲ್ಲ. ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ರಸ್ತೆ ಅಗಲಿಸುವುದಕ್ಕೆ ಅರಣ್ಯ ಕಾಯ್ದೆಯ ಅನುಮತಿ ಬೇಕು. ಹಳ್ಳಕ್ಕೆ ಕಾಲುಸಂಕ ಮಾತ್ರ ಇರುವ ಕೇರಿಗಳಿಗೆ ಬಸ್ಸಿನ ಮಾತೇ ಬರುವುದಿಲ್ಲ. ಅಲ್ಲಿನ ರೋಗಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ರಸ್ತೆಗೆ ತರುತ್ತಾರೆ.

ಭರತ ಹುಣ್ಣಿಮೆಗೆ ನಡೆಯುವ ಜೋಯಿಡಾ ತಾಲೂಕಿನ ಉಳವಿ ಜಾತ್ರೆಗೆ ಮಾತ್ರ ವಿಶೇಷ ಬಸ್ಸುಗಳು ಓಡುತ್ತವೆ. ಅಲ್ಲಿಗೆ ಹೋಗುವ ಕಿರಿದಾದ ಕಾಡುರಸ್ತೆ ಆ ವಾರ ಸಾಲುಸಾಲು ಗಾಡಿಗಳನ್ನು ತಾಳಿಕೊಳ್ಳುತ್ತದೆ ಎಂಬುದನ್ನು ಗಮನಿಸಬೇಕು.

ಶಕ್ತಿ ಯೋಜನೆ ಮತ್ತು ಅದರಾಚೆ

2023ರ ಜೂನ್ 11ರಂದು ಜಾರಿಯಾದ ಶಕ್ತಿ ಯೋಜನೆ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣವನ್ನು ಉಚಿತ ಮಾಡಿತು. ದಾಂಡೇಲಿ–ಹಳಿಯಾಳ–ಧಾರವಾಡದಂಥ ಬಸ್ಸು ಸಿಗುವ ಮಾರ್ಗಗಳಲ್ಲಿ ಇದರ ಪ್ರಯೋಜನ ಪ್ರಶ್ನಾತೀತ. ನಿರ್ವಾಹಕ ಕೊಡುವ ಶೂನ್ಯ ದರದ ಟಿಕೆಟ್ ಆಧರಿಸಿ ಸರ್ಕಾರ ಸಾರಿಗೆ ಸಂಸ್ಥೆಗೆ ಹಣ ತುಂಬುತ್ತದೆ. ಬಸ್ಸೇ ಬರದ ಕೇರಿಯ ಹೆಣ್ಣುಮಕ್ಕಳು ಈ ಲೆಕ್ಕದಲ್ಲಿ ಎಲ್ಲೂ ಕಾಣುವುದಿಲ್ಲ. ಅವರು ಪೇಟೆಗೆ ಹೋಗುವುದು ಕಾಸು ಕೊಟ್ಟು, ಟೆಂಪೊ, ಟ್ರ್ಯಾಕ್ಸುಗಳಲ್ಲಿ. ಅದೂ ಸೀಟು ತುಂಬಿದ ಮೇಲೆ. ಗೆಡ್ಡೆಗೆಣಸು ಮಾರಲು ಹೊರಟ ಜೋಯಿಡಾದ ಕುಣಬಿ ಮಹಿಳೆಗೆ ಸೀಟು ಉಚಿತವಾದರೂ, ಚೀಲ 30 ಕೆ.ಜಿ. ಮೀರಿದರೆ ಲಗೇಜ್ ಟಿಕೆಟ್ ಮಾಡಿಸಲೇಬೇಕು. ಗಂಡಸರ ಟಿಕೆಟ್ 2025ರ ಜನವರಿ 5ರಿಂದ ಶೇ 15ರಷ್ಟು ಏರಿದೆ.

ಉಚಿತ ಪ್ರಯಾಣಕ್ಕೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಹಳಿಯಾಳದ ಸಕ್ಕರೆ ಕಾರ್ಖಾನೆಯ ಹಂಗಾಮಿನಲ್ಲಿ ಹೊರರಾಜ್ಯದಿಂದ ಬಂದು ಗದ್ದೆಯಂಚಿನ ತಾಡಪಾಲು ಗುಡಿಸಲಲ್ಲಿ ಉಳಿಯುವ ಕಬ್ಬು ಕಡಿಯುವ ಗ್ಯಾಂಗಿನ ಹೆಂಗಸರು ಪೂರ್ತಿ ದರ ಕೊಡಬೇಕು.

ಮುಂಡಗೋಡ

ಹುಬ್ಬಳ್ಳಿ–ಶಿರಸಿ ಮಾರ್ಗದಲ್ಲಿರುವುದರಿಂದ ಮುಂಡಗೋಡ ಪೇಟೆಗೆ ಬಸ್ಸಿನ ಕೊರತೆ ಅಷ್ಟಿಲ್ಲ, ಆದರೆ ರೈಲು ಇಲ್ಲ. 1966ರಲ್ಲಿ ಆರಂಭವಾದ ಟಿಬೆಟಿಯನ್ ಕ್ಯಾಂಪುಗಳಿಗೆ ಆಟೋ, ಟ್ಯಾಕ್ಸಿಗಳು ಓಡಾಡುತ್ತವೆ. ಗೌಳಿ ದೊಡ್ಡಿಗಳವರು ಮಾತ್ರ ಬಸ್ಸಿಗಾಗಿ ಮುಖ್ಯ ರಸ್ತೆಯವರೆಗೆ ನಡೆಯುತ್ತಾರೆ.

ಸೂರಿಲ್ಲದವರು

ರಸ್ತೆಬದಿ, ದೇವಸ್ಥಾನದ ಅಂಗಳ, ರೈಲ್ವೆ ಪ್ಲಾಟ್‌ಫಾರ್ಮಿನಂಥ ಕಡೆ ಸೂರಿಲ್ಲದೆ ಇರುವವರನ್ನು ಜನಗಣತಿ ವಸತಿರಹಿತರೆಂದು ಎಣಿಸುತ್ತದೆ. ವಿಳಾಸವಿಲ್ಲದೆ ಗುರುತಿನ ಚೀಟಿ ಕಷ್ಟ, ಚೀಟಿಯಿಲ್ಲದೆ ಉಚಿತ ಟಿಕೆಟ್ ಇಲ್ಲ. ಸಂಜೆಯ ಕೊನೆಯ ಬಸ್ಸು ತಪ್ಪಿಸಿಕೊಂಡ ಹಳ್ಳಿಯವರೂ ಆ ರಾತ್ರಿ ಇವರ ಜೊತೆ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕಳೆಯಬೇಕಾಗುತ್ತದೆ. ರಾಷ್ಟ್ರೀಯ ನಗರ ಜೀವನೋಪಾಯ ಅಭಿಯಾನದ ಮಾರ್ಗಸೂಚಿಯಂತೆ ಪ್ರತಿ ಒಂದು ಲಕ್ಷ ನಗರವಾಸಿಗಳಿಗೆ ಕನಿಷ್ಠ 100 ಜನರಿಗಾಗುವ ಆಶ್ರಯ ಕೇಂದ್ರ ಬೇಕಿತ್ತು. 2011ರ ಜನಗಣತಿಯಲ್ಲಿ ದಾಂಡೇಲಿ ನಗರದ ಜನಸಂಖ್ಯೆ ಸುಮಾರು 52 ಸಾವಿರ, ಅಂದರೆ ಆ ಅಳತೆಯ ಅರ್ಧದಷ್ಟು ಆಶ್ರಯವಾದರೂ ಇಲ್ಲಿ ಬೇಕು.